ರಾಹುಕಾಲದ ಪಕ್ಕದಲ್ಲಿ ಉಬ್ಬರ-ಇಳಿತದ ವೇಳೆಯೂ ಇರಲಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ದಿನಪಂಚಾಂಗದಲ್ಲಿ ಸೂರ್ಯೋದಯ, ಸೂರ್ಯಾಸ್ತ, ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ ಎಲ್ಲವೂ ಇರುತ್ತವೆ. ಸಂಕಷ್ಟಿ ಬಂತೆಂದರೆ ಚಂದ್ರೋದಯದ ಗಂಟೆ-ನಿಮಿಷವನ್ನೂ ಕೊಡುತ್ತೀರಿ. ಅದೇ ಚಂದ್ರ ಎತ್ತಿ ಇಳಿಸುವ ಕಡಲ ನೀರಿನ ವೇಳೆ ಮಾತ್ರ ಕರಾವಳಿ ಆವೃತ್ತಿಯಲ್ಲೂ ಇಲ್ಲ. ಕಾರವಾರ ಮತ್ತು ಮಂಗಳೂರಿನ ಉಬ್ಬರ-ಇಳಿತದ ಸಮಯ ಮತ್ತು ಎತ್ತರವನ್ನು ದಿನವೂ ಎರಡು ಸಾಲಿನಲ್ಲಿ ಮುದ್ರಿಸಿ ಎಂದು ಕೇಳುವುದಕ್ಕೆ ಈ ಪತ್ರ. ನಡುವಿನ ಊರುಗಳಿಗೆ ವ್ಯತ್ಯಾಸ ಅಲ್ಪ. ನದಿಯೊಳಗೆ ಹೋದಷ್ಟೂ ನೀರು ಏರುವುದು ತಡವಾಗುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಬಲೆ ಬಿಡುವವರಿಗೆ, ಅಘನಾಶಿನಿ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರಿಗೆ ಈ ಎರಡು ಸಾಲು ಬೇಕಿಲ್ಲ, ಅವರಿಗದು ಬಾಯಿಪಾಠ. ಬೇಕಾಗಿರುವುದು ಅಕ್ಟೋಬರಿನಿಂದ ಮೇ ತನಕ ಶನಿವಾರ-ಭಾನುವಾರ ಗೆಳೆಯರ ಗುಂಪು ಕಟ್ಟಿಕೊಂಡು, ಕಾರಿನ ಹಿಂದೆ ಎರಡು ಮೌಂಟನ್ ಬೈಕು ಬಿಗಿದು, ಚೀಲದಲ್ಲಿ ನೀರೊಳಗೆ ನೋಡುವ ಮಾಸ್ಕು, ಉಸಿರಾಡುವ ಕೊಳವೆ ಸ್ನಾರ್ಕೆಲ್ ತುಂಬಿಕೊಂಡು ಬರುವವರಿಗೆ. ಅವರು ಮಳೆ ಬರುತ್ತದೆಯೇ ಎಂದು ಮೊಬೈಲಿನಲ್ಲಿ ಹತ್ತು ಸಲ ನೋಡುತ್ತಾರೆ. ನೀರು ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಒಂದು ಸಲವೂ ಕೇಳುವುದಿಲ್ಲ.

ಮುದ್ರಿಸುವ ತನಕ ಕೈಯಲ್ಲಿರುವ ಪಂಚಾಂಗವೇ ಅರ್ಧ ಕೆಲಸ ಮಾಡಿಕೊಡುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವೂ ಸಮಸಮವಲ್ಲ. ಹುಣ್ಣಿಮೆ-ಅಮಾವಾಸ್ಯೆಯಂದು ಉತ್ತರ ಕನ್ನಡದಲ್ಲಿ ಹಗಲಿನ ಉಬ್ಬರ ಬೆಳಗಿನ ಹನ್ನೊಂದರ ಆಸುಪಾಸಿಗೆ ತುಂಬುತ್ತದೆ, ಬೆಳಗಿನ ಇಳಿತ ಐದರ ಹೊತ್ತಿಗೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 50 ನಿಮಿಷ ಕೂಡಿಸುತ್ತ ಹೋಗಿ. ಅಷ್ಟಮಿ-ನವಮಿಗೆ ಲೆಕ್ಕ ತಲೆಕೆಳಗಾಗಿ ನಡುಹಗಲಿನ ಹೊತ್ತಿಗೆ ಇಳಿತ ಬರುತ್ತದೆ, ಏರಿಳಿತದ ಪ್ರಮಾಣವೂ ತೀರ ಕಡಿಮೆಯಾಗುತ್ತದೆ. ಈ ಬಾಯಿಲೆಕ್ಕ ಒಂದು ಗಂಟೆ ಆಚೀಚೆ ತಪ್ಪಬಹುದು. ಮುದ್ರಿತ ಅಂಕಿ ಬೇಕೆನ್ನುವುದು ಅದಕ್ಕೇ.

ಒಂದು ಗಂಟೆಯ ತಪ್ಪು ಎಷ್ಟು ದುಬಾರಿ ಎಂದರೆ, ನೀರು ಆರು ಗಂಟೆಯೂ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಹುಣ್ಣಿಮೆಯ ಬಳಿ 1.8 ಮೀಟರ್ ಏರುವ ದಿನ ಮೂರನೆಯ ಗಂಟೆಯೊಂದರಲ್ಲೇ 45 ಸೆಂಟಿಮೀಟರ್ ಏರುತ್ತದೆ. ಬಂಡೆಯ ಬುಡದಲ್ಲಿ ಮೊಣಕಾಲುದ್ದ ಇದ್ದ ನೀರು ಒಂದು ತಾಸು ಕೂತೆದ್ದಾಗ ತೊಡೆಯ ಮೇಲಕ್ಕೆ ಬಂದಿರುತ್ತದೆ. ಬಂದ ದಾರಿ ಮುಚ್ಚಿರುತ್ತದೆ.

ಮೊದಲು ಸೈಕಲ್ಲಿನ ವಿಷಯ. ಧಾರೇಶ್ವರ, ಹೊನ್ನಾವರದ ಕಾಸರಕೋಡಿನಂಥ ಉದ್ದನೆಯ ಕಡಲತೀರದಲ್ಲಿ ಸೈಕಲ್ ಓಡುವುದು ಇಳಿತದಲ್ಲಿ ಮಾತ್ರ. ನೀರು ಈಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ ಇರುತ್ತದೆ, ಅದರ ಮೇಲಿನ ಒಣಮರಳಿನಲ್ಲಿ ಹತ್ತು ಮಾರು ಹೋಗುವುದರೊಳಗೆ ಮುಂಚಕ್ರ ಹೂತು ಕೈಹಿಡಿ ತಿರುಗುತ್ತದೆ. ಹುಣ್ಣಿಮೆಯಾಗಿ ಮೂರು-ನಾಲ್ಕನೆಯ ದಿನ, ಅಂದರೆ ತದಿಗೆ-ಚೌತಿಗೆ, ಇಳಿತ ಬೆಳಿಗ್ಗೆ ಏಳೂವರೆ-ಎಂಟರ ಸುಮಾರಿಗೆ ಬೀಳುತ್ತದೆ, ಏರಿಳಿತವೂ ಇನ್ನೂ ದೊಡ್ಡದಾಗಿಯೇ ಇರುತ್ತದೆ. ಸಂಕಷ್ಟಿಯ ಬೆಳಗು ಗಣಪತಿಗೆ ಎಷ್ಟು ಪ್ರಶಸ್ತವೋ ಮರಳಿನ ಸವಾರಿಗೂ ಅಷ್ಟೇ. ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಹೊರಟು, ಅದರ ನಂತರ ಒಂದು ಗಂಟೆಯೊಳಗೆ ರಸ್ತೆ ಸೇರುವಂತೆ ದೂರ ಲೆಕ್ಕ ಹಾಕಬೇಕು. ಗಾಳಿ ಎದುರಿಗಿದ್ದರೆ ಗಂಟೆಗೆ ಹತ್ತು-ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಎಣಿಸಬೇಡಿ.

ನವೆಂಬರಿನಿಂದ ಮಾರ್ಚ್ ತನಕ ಆಲಿವ್ ರಿಡ್ಲೆ ಆಮೆಗಳು ಇಲ್ಲಿ ಮೊಟ್ಟೆಯಿಡುತ್ತವೆ, ಗೂಡುಗಳು ಉಬ್ಬರದ ಗೆರೆಯಿಂದ ಮೇಲೆ. ಒದ್ದೆ ಮರಳು ಬಿಟ್ಟು ಮೇಲೆ ಹತ್ತದಿದ್ದರೆ ಆಮೆಗೂ ಕ್ಷೇಮ, ಸವಾರನಿಗೂ ಸಲೀಸು. ಮೀನುಗಾರರು ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದರೆ ಇಳಿದು ಹಗ್ಗದ ಹಿಂದಿನಿಂದ ಸುತ್ತಿ ಹೋಗಿ. ಬಿಗಿದ ಹಗ್ಗ ಮರಳಿನ ಬಣ್ಣಕ್ಕೇ ಇರುತ್ತದೆ, ದೂರದಿಂದ ಕಾಣುವುದಿಲ್ಲ.

ಗಜನಿ ಗದ್ದೆಗಳ ಕಟ್ಟೆಯ ಮೇಲಿನ ಸವಾರಿಗೆ ಇದರ ವಿರುದ್ಧದ ಎಚ್ಚರಿಕೆ ಬೇಕು. ಮಾಣಿಕಟ್ಟೆಯ ಸುತ್ತ ಕಗ್ಗ ಭತ್ತ ಬೆಳೆಯುವ ಗದ್ದೆಗಳ ಒಡ್ಡು ಮಣ್ಣಿನದು. ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರು ಅಂಚಿನ ತನಕ ಬಂದು ಮಣ್ಣು ನೆನೆದಿರುತ್ತದೆ. ಆಗ ಚಕ್ರ ಉರುಳಿಸಿದರೆ ಬೀಳುವುದು ನೀವೊಬ್ಬರೇ ಅಲ್ಲ, ಚಕ್ರದ ಗೀರಿನಲ್ಲಿ ನೀರು ಹರಿದು ಒಡ್ಡೂ ಕೊರೆಯುತ್ತದೆ, ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ, ಒಣಗಿದ ಕಟ್ಟೆಯ ಮೇಲೆ, ಗದ್ದೆಯವರನ್ನು ಕೇಳಿಯೇ ಹೋಗಬೇಕು.

ಗುಡ್ಡದ ಮೇಲಿನ ದಾರಿಗೆ ಉಬ್ಬರದ ಹಂಗಿಲ್ಲ. ಆದರೂ ಅದೇ ಗುಂಪು ಅದೇ ದಿನ ಎರಡನ್ನೂ ಮಾಡುವುದರಿಂದ ಒಂದೆರಡು ಮಾತು. ಗೋಕರ್ಣದಿಂದ ಕುಮಟಾದ ತನಕ ಕಡಲ ಬದಿಯ ಗುಡ್ಡಗಳ ನೆತ್ತಿ ಜಂಬಿಟ್ಟಿಗೆಯದು. ಮಳೆಗಾಲ ಮುಗಿದ ಮೇಲೂ ಅಕ್ಟೋಬರ್ ಕೊನೆಯವರೆಗೆ ನೆರಳಿನ ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ಪಾಚಿ ಒಣಗಿತೆನ್ನುವಷ್ಟರಲ್ಲಿ ಅಕೇಶಿಯಾ ಎಲೆ ಉದುರಿ ಹಾಸಿಕೊಳ್ಳುತ್ತದೆ. ಕುಡುಗೋಲಿನಾಕಾರದ ಆ ಒಣ ಎಲೆ ಒಂದರ ಮೇಲೊಂದು ಜಾರುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಅಡಿಯಿಂದ ಕಿತ್ತುಕೊಂಡು ಹೋಗುತ್ತದೆ. ಬ್ರೇಕು ತಿರುವಿಗೆ ಮೊದಲೇ ಮುಗಿಸಬೇಕು, ತಿರುವಿನಲ್ಲಿ ಸೈಕಲ್ ಸುಮ್ಮನೆ ಉರುಳಬೇಕು.

ಟೈರಿನ ಗಾಳಿಯ ವಿಷಯದಲ್ಲಿ ಬಾಡಿಗೆ ಸೈಕಲ್ಲುಗಳಲ್ಲಿ ಕಾಣುವ ದೊಡ್ಡ ತಪ್ಪು ರಸ್ತೆಗೆ ತುಂಬಿದ 45-50 ಪಿಎಸ್‌ಐಯಲ್ಲೇ ಗುಡ್ಡಕ್ಕೆ ಹೋಗುವುದು. ಎಪ್ಪತ್ತು ಕಿಲೋ ತೂಕದ ಸವಾರನಿಗೆ, 29 ಇಂಚಿನ ಚಕ್ರ, 2.3 ಇಂಚು ಅಗಲದ ಟೈರಾದರೆ, ಟ್ಯೂಬ್‌ಲೆಸ್‌ನಲ್ಲಿ ಮುಂದೆ 21-22, ಹಿಂದೆ 24-25 ಸಾಕು. ಟ್ಯೂಬ್ ಇದ್ದರೆ 28ಕ್ಕಿಂತ ಕೆಳಗಿಳಿಸಬೇಡಿ. ಇಳಿಸಿದರೆ ಜಂಬಿಟ್ಟಿಗೆಯ ಏಣು ಟ್ಯೂಬನ್ನು ರಿಮ್ಮಿಗೆ ಒತ್ತಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ. ಟ್ಯೂಬ್‌ಲೆಸ್ ಟೈರಿಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, 100 ಮಿಲಿಲೀಟರಿನಷ್ಟು ಹಾಕಿದರೂ ನಮ್ಮ ಸೆಕೆಗೆ ಎರಡು-ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಅಲುಗಿಸಿದಾಗ ಒಳಗೆ ನೀರಾಡಿದ ಸದ್ದು ಬಾರದಿದ್ದರೆ ಅದು ಮುಗಿದಿದೆ ಎಂದೇ ಅರ್ಥ. ಟೈರಿನ ಪಕ್ಕದ ಗೋಡೆ ಸೀಳಿದರೆ ಸೀಲೆಂಟೂ ನಿಲ್ಲಿಸಲಾರದು. ಒಳಗಿನಿಂದ ಹಳೆಯ ಟೈರಿನ ತುಂಡು ಒತ್ತಿ ಟ್ಯೂಬ್ ಹಾಕಿ ಮನೆ ಸೇರಬೇಕು. ಆದ್ದರಿಂದ ಗುಂಪಿಗೊಂದು ಟ್ಯೂಬ್, ಪಂಪ್, ತುಂಡಾದ ಚೈನ್ ಜೋಡಿಸುವ ಕೊಂಡಿ (ಕ್ವಿಕ್ ಲಿಂಕ್) ಇರಲೇಬೇಕು. ಮರಳಿಗಾಗಿ 16-18ಕ್ಕೆ ಇಳಿಸಿದ ಗಾಳಿಯನ್ನು ಗುಡ್ಡ ಹತ್ತುವ ಮೊದಲು ತುಂಬಿಸಲು ಮರೆತು ರಿಮ್ ಬಗ್ಗಿಸಿಕೊಳ್ಳುವುದು ಇಲ್ಲಿ ಮಾಮೂಲು.

ಕ್ವಾರಿಗಳ ಬಗ್ಗೆ ಮಾತ್ರ ತಮಾಷೆ ಬೇಡ. ಚಿರೇಕಲ್ಲು, ಅಂದರೆ ಇದೇ ಜಂಬಿಟ್ಟಿಗೆ, ತೆಗೆದ ಹೊಂಡಗಳಿಗೆ ಬೇಲಿ ಇಲ್ಲದಿರುವುದೇ ಹೆಚ್ಚು, ಗೋಡೆ ಕತ್ತರಿಸಿದಂತೆ ನೆಟ್ಟಗೆ, ಅಂಚಿನಲ್ಲಿ ಆಳೆತ್ತರದ ಹುಲ್ಲು. ಕಳೆದ ವರ್ಷದ ದಾರಿ ಈ ವರ್ಷ ಗುಂಡಿಯಾಗಿರಬಹುದು. ಹೊಸ ದಾರಿಯನ್ನು ಮೊದಲ ಸಲ ಯಾವತ್ತೂ ಇಳಿಜಾರಿನ ಕಡೆಯಿಂದ ಹಿಡಿಯಬೇಡಿ, ಕೆಳಗಿನಿಂದ ಹತ್ತಿ ನೋಡಿ ಆಮೇಲೆ ಇಳಿಯಿರಿ. ತೋಟದ ಉಣುಗೋಲು ತೆಗೆದರೆ ಮತ್ತೆ ಹಾಕಿ ಹೋಗಿ. ಕಾಯ್ದಿರಿಸಿದ ಅರಣ್ಯಕ್ಕೆ, ಅಭಯಾರಣ್ಯಕ್ಕೆ ಇಲಾಖೆಯ ಅನುಮತಿ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉಪ್ಪಿನ ಹಾನಿ ಆ ದಿನ ಕಾಣುವುದಿಲ್ಲ, ಹದಿನೈದು ದಿನ ಬಿಟ್ಟು ಕಾಣುತ್ತದೆ. ಕಡಲತೀರದಿಂದ ಬಂದ ಸಂಜೆಯೇ ಸಿಹಿನೀರನ್ನು ಮಗ್ಗಿನಲ್ಲಿ ಮೆಲ್ಲಗೆ ಸುರಿದು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇರಿಂಗಿನೊಳಕ್ಕೆ ಉಪ್ಪು-ಮರಳನ್ನು ನೂಕುತ್ತದೆ. ಚೈನ್ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ. ಒದ್ದೆಯ ಮೇಲೆ ಎಣ್ಣೆ ಹಾಕಿದರೆ ಉಪ್ಪು ಒಳಗೇ ಉಳಿಯುತ್ತದೆ. ಎಣ್ಣೆಯ ಒಂದು ಹನಿ ಡಿಸ್ಕಿಗೆ ಸಿಡಿದರೂ ಬ್ರೇಕ್ ಪ್ಯಾಡ್ ಕೆಡುತ್ತದೆ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಇದ್ದರೆ ಸೀಸನ್ನಿಗೆ ಎರಡು ಸಲವಾದರೂ ಎಳೆದು ಗ್ರೀಸ್ ಹಚ್ಚಬೇಕು. ಎರಡು ಲೋಹ, ನಡುವೆ ಉಪ್ಪುನೀರು ಸೇರಿದರೆ ಅದು ಕಚ್ಚಿಕೊಂಡು ಕೊನೆಗೆ ಗರಗಸವೇ ಗತಿ.

ಇನ್ನು ನೀರಿನೊಳಗಿನ ಮಾತು. ಗೋಕರ್ಣದ ಓಂ, ಹಾಫ್ ಮೂನ್ ಕಡಲತೀರಗಳ ತುದಿಯ ಬಂಡೆಗಳ ಬಳಿ ಸ್ನಾರ್ಕ್ಲಿಂಗ್ ಮಾಡಬಹುದು. ಆದರೆ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಎರಡರ ಕೆಸರೂ ಇಲ್ಲಿಗೆ ಬರುತ್ತದೆ. ಇಳಿತ ಎಂದರೆ ನದಿ ತನ್ನ ಹೊಟ್ಟೆಯ ನೀರನ್ನು ಕಡಲಿಗೆ ಬಿಡುವ ಹೊತ್ತು. ಆಗ ಎರಡು ಮೀಟರ್ ಆಚೆಗಿನ ಗೆಳೆಯನೂ ಕಾಣುವುದಿಲ್ಲ. ಉಬ್ಬರ ಹೊರಗಿನ ತಿಳಿನೀರನ್ನು ತರುತ್ತದೆ. ಉಬ್ಬರ ತುಂಬುವುದಕ್ಕೆ ಮೊದಲಿನ ಮುಕ್ಕಾಲು ಗಂಟೆ ಮತ್ತು ತುಂಬಿ ನಿಂತ ಮೇಲಿನ ಇಪ್ಪತ್ತು ನಿಮಿಷ, ಇಷ್ಟೇ ನೋಡುವ ಸಮಯ. ಜೊತೆಗೆ ಬಿಸಿಲೇರಿ ಹನ್ನೊಂದರ ಮೇಲೆ ಕಡಲಗಾಳಿ ಎದ್ದರೆ ಮೇಲ್ಮೈ ಕದಡುತ್ತದೆ. ಹಾಗಾಗಿ ಉಬ್ಬರ ಒಂಬತ್ತರ ಹೊತ್ತಿಗೆ ತುಂಬುವ ದಿನ ಬೇಕು. ಹುಣ್ಣಿಮೆಗೋ ಅಮಾವಾಸ್ಯೆಗೋ ಎರಡು-ಮೂರು ದಿನ ಮೊದಲು, ದ್ವಾದಶಿ-ತ್ರಯೋದಶಿಗೆ, ಈ ಲೆಕ್ಕ ಕೂಡುತ್ತದೆ. ಏರಿಳಿತ ಇನ್ನೂ ಪೂರ್ತಿ ದೊಡ್ಡದಾಗದ ಕಾರಣ ತಳದ ಕೆಸರೂ ಅಷ್ಟಾಗಿ ಏಳುವುದಿಲ್ಲ. ಹುಣ್ಣಿಮೆಯ ದಿನವೇ ಹೋಗುವವರು ಹೆಚ್ಚು, ನಮ್ಮ ಅನಿಸಿಕೆಯಲ್ಲಿ ಅದು ತಪ್ಪು ಆಯ್ಕೆ.

ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿಗೆ ನದಿಯ ಕೆಸರು ಮುಟ್ಟುವುದಿಲ್ಲ. ಡಿಸೆಂಬರ್-ಫೆಬ್ರುವರಿಯ ಒಳ್ಳೆಯ ದಿನ ಹತ್ತು ಮೀಟರಿಗೂ ಹೆಚ್ಚು ಕಾಣುತ್ತದೆ. ಅಲ್ಲಿ ನೋಡಬೇಕಾದದ್ದು ಉಬ್ಬರಕ್ಕಿಂತ ಹೆಚ್ಚಾಗಿ ಅಲೆ. ಅಲೆಯ ಎತ್ತರವೊಂದನ್ನೇ ಕೇಳಿದರೆ ಸಾಲದು, ಒಂದರ ಹಿಂದೊಂದು ಎಷ್ಟು ಸೆಕೆಂಡಿಗೆ ಬರುತ್ತದೆ ಎಂಬುದೂ ಬೇಕು. ಆರು ಸೆಕೆಂಡಿನ ಒಂದು ಮೀಟರ್ ಅಲೆ ದೋಣಿ ಕುಲುಕಿಸಿ ವಾಂತಿ ಬರಿಸುತ್ತದೆ, ಅಷ್ಟೇ. ಹದಿನಾಲ್ಕು ಸೆಕೆಂಡಿನ ಒಂದು ಮೀಟರ್ ಅಲೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಶಕ್ತಿಯಿರುತ್ತದೆ. ದೂರಕ್ಕೆ ಕಡಲು ಶಾಂತವಾಗಿಯೇ ಕಾಣುತ್ತದೆ, ಬಂಡೆಯ ಬಳಿ ಎತ್ತಿ ಅಪ್ಪಳಿಸುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಇಂಥ ಅಲೆಗಳು ದಿನಗಟ್ಟಲೆ ಸಾಗಿ ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯಿಲ್ಲದ ದಿನವೂ ನಮ್ಮ ದಡಕ್ಕೆ ಬರುತ್ತವೆ. ಬಂಡೆಯಂಚಿನಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ಅಲೆಯಿದ್ದರೆ, ಅವಧಿ ಹನ್ನೆರಡು ಸೆಕೆಂಡು ದಾಟಿದ್ದರೆ, ಅವತ್ತು ಮೀನೂಟ ಮಾಡಿ ಮಲಗುವುದು ಲೇಸು.

ಬಾಡಿಗೆಯ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಸೋರುವ ಮಾಸ್ಕಿನ ಪಟ್ಟಿ ಬಿಗಿದಷ್ಟೂ ಅದು ಇನ್ನಷ್ಟು ಸೋರುತ್ತದೆ, ಏಕೆಂದರೆ ಸಿಲಿಕಾನಿನ ಅಂಚು ಸೊಟ್ಟಗಾಗುತ್ತದೆ. ಮೀಸೆಯವರು ಮೂಗಿನ ಕೆಳಗೆ ವ್ಯಾಸಲೀನ್ ಹಚ್ಚಬೇಕು. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ಸಣ್ಣ ಜಿಡ್ಡಿರುತ್ತದೆ, ಬಿಳಿ ಟೂತ್‌ಪೇಸ್ಟಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯುವ ತನಕ ಮಂಜು ಕಟ್ಟುವುದು ನಿಲ್ಲದು. ಆಮೇಲೆ ಮಕ್ಕಳ ಶಾಂಪೂವಿನ ಒಂದು ಹನಿ ಅಥವಾ ಉಗುಳು ಸಾಕು. ಕೊಳವೆ ಮೊಳದುದ್ದಕ್ಕಿಂತ ಹೆಚ್ಚಿರಬಾರದು. ಉದ್ದವಾದಷ್ಟೂ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ, ತಲೆ ಭಾರವಾಗುತ್ತದೆ. ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕುಗಳ ಬಗ್ಗೆ ನಮಗೆ ಭಯವಿರುವುದೂ ಇದೇ ಕಾರಣಕ್ಕೆ, ನೀರು ನುಗ್ಗಿದಾಗ ತಟ್ಟನೆ ಕಿತ್ತೆಸೆಯಲೂ ಆಗುವುದಿಲ್ಲ.

ಕೊಳವೆಗೆ ನೀರು ಬಂದರೆ ಹೆದರಿ ತಲೆಯೆತ್ತಬೇಡಿ, ಒಮ್ಮೆ ಜೋರಾಗಿ ಊದಿ. ಇದನ್ನು ಸೊಂಟದುದ್ದದ ನೀರಿನಲ್ಲಿ ಹತ್ತು ಸಲ ಮಾಡಿ ಕಲಿತ ಮೇಲೆಯೇ ಆಳಕ್ಕೆ ಹೋಗಬೇಕು. ಹೆಚ್ಚಿನವರು ಗಾಬರಿಬೀಳುವುದು ಈ ಒಂದು ಗುಟುಕು ನೀರಿಗೇ. ಲೈಫ್ ಜಾಕೆಟ್ ಬರಿದೆ ತೊಟ್ಟರೆ ನೀರಿನಲ್ಲಿ ಕಿವಿಯ ತನಕ ಏರುತ್ತದೆ, ತೊಡೆಯ ನಡುವಿನ ಪಟ್ಟಿ ಕಟ್ಟಿಸಿಕೊಳ್ಳಿ. ಗುಂಪಿನ ಹಿಂದೆ ಕೆಂಪು ಅಥವಾ ಕಿತ್ತಳೆ ತೇಲುಬುರುಡೆಯೊಂದನ್ನು ಹಗ್ಗದಲ್ಲಿ ಎಳೆದುಕೊಂಡು ಹೋಗಿ. ಮುಖ ಕೆಳಗೆ ಮಾಡಿ ತೇಲುವ ಮನುಷ್ಯ ದೋಣಿಯವನಿಗೆ ಕಾಣುವುದಿಲ್ಲ. ಸಿಕ್ಕಿಬಿದ್ದ ಬಲೆ ಕತ್ತರಿಸಲು ಮೊಂಡುತುದಿಯ ಚಿಕ್ಕ ಚಾಕು ಒಬ್ಬರ ಬಳಿ ಇರಲಿ. ಮುಳುಗುವವರು ಇಬ್ಬಿಬ್ಬರು, ಒಬ್ಬರು ಕೆಳಗೆ ಹೋದರೆ ಇನ್ನೊಬ್ಬರು ಮೇಲಿನಿಂದ ಕಣ್ಣಿಡಬೇಕು. ಮುಳುಗುವ ಮೊದಲು ದಡಬಡ ಉಸಿರೆಳೆದುಕೊಳ್ಳುವ ಚಟ ಪ್ರಾಣಕ್ಕೆ ಎರವು. ಉಸಿರು ಬೇಕೆಂಬ ಸೂಚನೆಯೇ ಮಿದುಳಿಗೆ ತಡವಾಗಿ, ಮೇಲೆ ಬರುವಾಗ ಎಚ್ಚರ ತಪ್ಪುತ್ತದೆ. ಪಕ್ಕದಲ್ಲಿದ್ದವರಿಗೆ ಒದ್ದಾಟವೂ ಕಾಣುವುದಿಲ್ಲ.

ಮರಳಿನ ತಳದಲ್ಲಿ ಕಾಲೆತ್ತಿ ಇಡಬೇಡಿ, ಉಜ್ಜುತ್ತ ನಡೆಯಿರಿ. ಮರಳಿನಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ಬಾಲದ ಮುಳ್ಳು ಚುಚ್ಚಿದರೆ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ, ಸುಮಾರು 45 ಡಿಗ್ರಿ, ಕಾಲಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ. ಮುಳ್ಳು ಆಳಕ್ಕೆ ಹೋಗಿದ್ದರೆ ಎಳೆಯಬೇಡಿ.

ಸ್ನಾರ್ಕ್ಲಿಂಗ್ ಬಿಟ್ಟು ಸಿಲಿಂಡರ್ ಹೊತ್ತು ಡೈವಿಂಗ್ ಮಾಡುವವರಿಗೆ ಇನ್ನೊಂದು ಮಾತು. ಭಾನುವಾರ ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತುವುದು ರೂಢಿಯಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನಷ್ಟು ಮೇಲಿದೆ. ಎತ್ತರಕ್ಕೇರಿದರೆ ರಕ್ತದಲ್ಲಿ ಕರಗಿ ಉಳಿದ ಸಾರಜನಕ ಗುಳ್ಳೆಯಾಗಿ ಅಪಾಯ ತರುತ್ತದೆ, ಅದಕ್ಕೆ ಘಟ್ಟ ಹತ್ತುವುದೂ ವಿಮಾನ ಹತ್ತುವುದೂ ಒಂದೇ ಬಗೆ. ಒಂದು ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ಕೆಳಗೇ ಉಳಿಯಬೇಕು. ಡೈವಿಂಗ್ ಶನಿವಾರ, ಸೈಕಲ್ ಭಾನುವಾರ, ಅದೂ ಘಟ್ಟದ ಕೆಳಗೆ ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಬರಿಯ ಸ್ನಾರ್ಕ್ಲಿಂಗ್‌ಗೆ ಈ ನಿರ್ಬಂಧವಿಲ್ಲ.

ಸಂಪಾದಕರೆ, ನಾವು ಕೇಳುತ್ತಿರುವ ಅಂಕಿಗಳಿಗೆ ಯಾರನ್ನೂ ಕಾಡಬೇಕಾಗಿಲ್ಲ. ಸರ್ವೆ ಆಫ್ ಇಂಡಿಯಾ ಇಡೀ ವರ್ಷದ ಉಬ್ಬರ-ಇಳಿತದ ಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ, ಯುಗಾದಿ ಪಂಚಾಂಗದಂತೆ ಒಮ್ಮೆ ತರಿಸಿಟ್ಟುಕೊಂಡರೆ ಆಯಿತು. ಅಲೆಯ ಎತ್ತರ, ಅವಧಿ, ಎಚ್ಚರಿಕೆಗಳನ್ನು ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುತ್ತದೆ. ಉಬ್ಬರದ ಎರಡು ಸಮಯ, ಇಳಿತದ ಎರಡು ಸಮಯ, ಪ್ರತಿಯೊಂದರ ಎದುರು ಮೀಟರಿನಲ್ಲಿ ಎತ್ತರ, ಕೊನೆಗೆ ಅಲೆಯ ಎತ್ತರ ಮತ್ತು ಸೆಕೆಂಡು, ಇಷ್ಟೇ. ಚಿನ್ನ-ಬೆಳ್ಳಿ ದರಕ್ಕೆ ಕೊಡುವಷ್ಟು ಜಾಗವೂ ಬೇಡ.

ಇದರ ಜೊತೆಗೇ ವರದಿಗಾರರಿಗೆ ಒಂದು ಕೋರಿಕೆ. ಕಡಲಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿಯಲ್ಲಿ ಊರು, ವಯಸ್ಸು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೇ ಎಂಬುದೆಲ್ಲ ಬರುತ್ತದೆ. ಆ ಹೊತ್ತಿನಲ್ಲಿ ನೀರು ಏರುತ್ತಿತ್ತೇ ಇಳಿಯುತ್ತಿತ್ತೇ, ಅಲೆ ಎಷ್ಟಿತ್ತು, ಬಂಡೆಯ ಬದಿಯ ಸೆಳೆತದಲ್ಲೋ ನಡುತೀರದಲ್ಲೋ ಎಂಬುದು ಬರುವುದಿಲ್ಲ. ಸ್ಥಳೀಯ ಮೀನುಗಾರರನ್ನೋ ಜೀವರಕ್ಷಕರನ್ನೋ ಎರಡು ಪ್ರಶ್ನೆ ಕೇಳಿ ಈ ಒಂದು ವಾಕ್ಯ ಸೇರಿಸಿದರೆ, ಮುಂದಿನ ವಾರ ಅದೇ ತೀರಕ್ಕೆ ಹೊರಟವರು ಯಾವ ಹೊತ್ತಿಗೆ ಯಾವ ತುದಿಗೆ ಹೋಗಬಾರದೆಂದು ತಿಳಿದುಕೊಂಡೇ ಹೊರಡುತ್ತಾರೆ.

ಇಂತಿ,
ಸೈಕಲ್ ಮತ್ತು ಸ್ನಾರ್ಕ್ಲಿಂಗ್ ಗೆಳೆಯರು
ಕುಮಟಾ, ಉತ್ತರ ಕನ್ನಡ